ಹೊಸ ರೈಫಲ್ ನಳಿಕೆ ಪಳಗುವುದು ಹೇಗೆ?

ಪ್ರಶ್ನೆ: ಹೊಸ ರೈಫಲ್ಲಿನ ನಳಿಕೆಯನ್ನು ಮೊದಮೊದಲು ಪ್ರತಿ ಗುಂಡು ಹಾರಿಸಿದ ಮೇಲೂ ಏಕೆ ಸ್ವಚ್ಛಗೊಳಿಸುತ್ತಾರೆ? (ಓದುಗರು, ಸಿರುಗುಪ್ಪ)

ಉತ್ತರ: ತೋಟಾ ಕೂರುವ ಕೋಣೆಯನ್ನು ಕೊರೆಯುವಾಗ ಅದರ ಮುಂದಿನ ಅಂಚಿನಲ್ಲಿ ಕಣ್ಣಿಗೆ ಕಾಣದ ಅಡ್ಡ ತರಿಗಳು ಉಳಿಯುತ್ತವೆ. ಅವು ಗುಂಡಿನ ತಾಮ್ರದ ಹೊದಿಕೆಯನ್ನು ಕೆರೆಯುತ್ತವೆ. ಆ ತಾಮ್ರ ನಳಿಕೆಯ ಒಳಮೈಗೆ ಮೆತ್ತಿಕೊಂಡು ಗುರಿ ಕೆಡುತ್ತದೆ. ಪ್ರತಿ ಗುಂಡೂ ತರಿಗಳನ್ನು ಕೊಂಚ ಸವೆಸುತ್ತದೆ. ಆದರೆ ಮೆತ್ತಿದ ತಾಮ್ರ ಅವುಗಳನ್ನು ಮುಚ್ಚಿದರೆ ಸವೆತ ನಿಲ್ಲುತ್ತದೆ. ಅದಕ್ಕೇ ಪ್ರತಿ ಗುಂಡಿನ ಬಳಿಕ ಆ ತಾಮ್ರವನ್ನು ಒರೆಸಿ ತೆಗೆಯುತ್ತಾರೆ. ಬಳ್ಳಾರಿ, ಕುರುಗೋಡು ಕಡೆಯ ಮನೆಗಳಲ್ಲಿ ಹೊಸ ಬೀಸುಕಲ್ಲಿನ ಮೊದಲ ಹಿಟ್ಟನ್ನು ಚೆಲ್ಲಿ, ಕಲ್ಲು ಗುಡಿಸಿ ಮತ್ತೆ ಬೀಸುವ ಹಾಗೆಯೇ ಇದು. ತಾಮ್ರ ಕರಗಿಸುವ ದ್ರಾವಣದಲ್ಲಿ ಅದ್ದಿದ ಬಟ್ಟೆಯಿಂದ ನಳಿಕೆ ಒರೆಸಿದಾಗ ಬಟ್ಟೆಗೆ ನೀಲಿ ಬಣ್ಣ ಹತ್ತುತ್ತದೆ. ಆ ನೀಲಿ ಕಡಿಮೆಯಾದರೆ ನಳಿಕೆ ಪಳಗಿದೆ ಎಂದರ್ಥ. ಒಳಗೆ ಕ್ರೋಮಿಯಂ ಲೇಪಿಸಿದ ನಳಿಕೆಗಳಿಗೆ ಈ ಕ್ರಮ ಬೇಕಿಲ್ಲ.