ಇಂಗ್ಲಿಷ್ ವಾಕ್ಯದಲ್ಲಿ ಕ್ರಿಯಾವಿಶೇಷಣದ ಸ್ಥಾನ: ನಮ್ಮ ಭಾಗದ ಮಕ್ಕಳಿಗೂ ಪಾಲಕರಿಗೂ ಒಂದು ವಿವರಣೆ



ಸಂವಿಧಾನದ 371 (ಜೆ) ವಿಧಿಯು 2013ರಿಂದ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ಮೀಸಲಾತಿಯ ಬಾಗಿಲನ್ನು ತೆರೆದಿದೆ. ಆದರೆ ಆ ಬಾಗಿಲನ್ನು ದಾಟಿದೊಡನೆ ಎದುರಾಗುವುದು ಇಂಗ್ಲಿಷ್ ಪಠ್ಯಪುಸ್ತಕ, ಇಂಗ್ಲಿಷ್ ಅರ್ಜಿ, ಇಂಗ್ಲಿಷ್ ಸಂದರ್ಶನ. 2024ರ ಎಸ್‌ಎಸ್‌ಎಲ್‌ಸಿ ಮೊದಲ ಪರೀಕ್ಷೆಯಲ್ಲಿ ಯಾದಗಿರಿ ಜಿಲ್ಲೆಯು ಶೇ 50.59ರ ಫಲಿತಾಂಶದೊಂದಿಗೆ ರಾಜ್ಯದಲ್ಲಿ ಕೊನೆಯ ಸ್ಥಾನದಲ್ಲಿತ್ತು. ಇದಕ್ಕೆ ಕಾರಣಗಳು ಹಲವು. ಇಂಗ್ಲಿಷ್ ಒಂದನ್ನೇ ಹೊಣೆ ಮಾಡುವುದು ಸರಿಯಲ್ಲ. ಆದರೂ ಕನ್ನಡ ಮಾಧ್ಯಮದಲ್ಲಿ ಓದಿದ ಬುದ್ಧಿವಂತ ಮಗುವೊಂದು ಪಿಯುಸಿಯ ತರಗತಿಯಲ್ಲಿ ಬಾಯಿ ತೆರೆಯಲು ಅಂಜುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆ ಅಂಜಿಕೆಗೆ ಕಾರಣವಾಗುವ ತಪ್ಪುಗಳಲ್ಲಿ ಒಂದನ್ನು ಇಲ್ಲಿ ಬಿಡಿಸಿ ನೋಡೋಣ.

ತಪ್ಪು ಎಲ್ಲಿಂದ ಬರುತ್ತದೆ?

ಕ್ರಿಯೆಯು ಹೇಗೆ, ಎಲ್ಲಿ, ಯಾವಾಗ ನಡೆಯಿತೆಂದು ತಿಳಿಸುವ ಪದವೇ ಕ್ರಿಯಾವಿಶೇಷಣ. ಮೆಲ್ಲನೆ, ತಟ್ಟನೆ, ಚೆನ್ನಾಗಿ, ಇಂಪಾಗಿ ಮೊದಲಾದವು ನಮಗೆ ಪರಿಚಿತ. ಕನ್ನಡದಲ್ಲಿ ವಾಕ್ಯವು ಕ್ರಿಯಾಪದದೊಂದಿಗೆ ಮುಗಿಯುತ್ತದೆ; ವಿಶೇಷಣವು ಅದಕ್ಕಿಂತ ಮೊದಲೇ ಬಂದು ನಿಲ್ಲುತ್ತದೆ. "ಅವಳು ಚೆನ್ನಾಗಿ ಹಾಡುತ್ತಾಳೆ" ಎನ್ನುತ್ತೇವೆ. ಗುರುಮಠಕಲ್ ಗಡಿಯ ಊರು. ಇಲ್ಲಿಯ ಮಗುವಿನ ಕಿವಿಗೆ ತೆಲುಗು, ಉರ್ದು ಎರಡೂ ಬೀಳುತ್ತವೆ. ತೆಲುಗಿನಲ್ಲಿ "ಆಮೆ ಬಾಗಾ ಪಾಡುತುಂದಿ", ಉರ್ದುವಿನಲ್ಲಿ "ವೊ ಅಚ್ಛಾ ಗಾತೀ ಹೈ". ಮೂರು ಭಾಷೆಗಳಲ್ಲಿಯೂ 'ಚೆನ್ನಾಗಿ' ಎಂಬುದು ಮೊದಲು, 'ಹಾಡು' ಎಂಬುದು ಆಮೇಲೆ. ಇಂಗ್ಲಿಷ್ ಮಾತ್ರ "ಶಿ ಸಿಂಗ್ಸ್ ವೆಲ್" ಎಂದು ಕ್ರಮವನ್ನು ತಿರುಗಿಸುತ್ತದೆ.

ನಮ್ಮ ಹಿರಿಯರು 1948ರವರೆಗೆ ನಿಜಾಮರ ಆಡಳಿತದಲ್ಲಿ ಬದುಕಿದವರು. ಅಂದು ಕಚೇರಿಯ ಭಾಷೆ ಉರ್ದುವಾಗಿದ್ದುದರಿಂದ ಅನೇಕರು ಅದನ್ನು ಕಲಿತರು. ಆ ಕಲಿಕೆಯಲ್ಲಿ ಅವರಿಗೊಂದು ಅನುಕೂಲವಿತ್ತು. ಪದಗಳನ್ನು ಬದಲಿಸಿದರೆ ಸಾಕಿತ್ತು, ಪದಗಳ ಸಾಲು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತಿತ್ತು. ಇಂಗ್ಲಿಷ್ ಕಲಿಯುವ ಇಂದಿನ ಮಗು ಪದಗಳನ್ನೂ ಬದಲಿಸಬೇಕು, ಸಾಲನ್ನೂ ಬದಲಿಸಬೇಕು. ಮನೆಯ ಭಾಷೆಯಾಗಲಿ ನೆರೆಮನೆಯ ಭಾಷೆಯಾಗಲಿ ಈ ಹೊಸ ಸಾಲಿನ ಸುಳಿವನ್ನು ಕೊಡುವುದಿಲ್ಲ. ಆದುದರಿಂದ ಮಗು ಮಾಡುವ ತಪ್ಪು ಬುದ್ಧಿಯ ಕೊರತೆಯಲ್ಲ, ತಾಯ್ನುಡಿಯ ಕ್ರಮವನ್ನು ನಿಷ್ಠೆಯಿಂದ ಪಾಲಿಸಿದುದರ ಫಲ.

ಕ್ರಿಯಾಪದದ ಮಗ್ಗುಲ ಆಸನ

"ಅವಳು ವಚನವನ್ನು ಇಂಪಾಗಿ ಹಾಡಿದಳು." ಇಲ್ಲಿ 'ಇಂಪಾಗಿ' ಎಂಬುದು 'ಹಾಡಿದಳು' ಎಂಬ ಕ್ರಿಯಾಪದಕ್ಕೆ ಅಂಟಿಕೊಂಡೇ ಇದೆ. ಈ ಅಭ್ಯಾಸದಿಂದ ಮಗುವು ಇಂಗ್ಲಿಷಿನಲ್ಲಿಯೂ "ಶಿ ಸ್ಯಾಂಗ್ ಸ್ವೀಟ್ಲಿ ದ ವಚನ" ಎಂದು ಬರೆಯುತ್ತದೆ. ಅರ್ಥವಾಗುತ್ತದೆ, ಆದರೆ ಇಂಗ್ಲಿಷ್ ಬಲ್ಲವರ ಕಿವಿಗೆ ಅದು ಮುರಿದ ವಾಕ್ಯ. ಸರಿಯಾದುದು "ಶಿ ಸ್ಯಾಂಗ್ ದ ವಚನ ಸ್ವೀಟ್ಲಿ". ಕ್ರಿಯಾಪದ, ಅದರ ಮಗ್ಗುಲಲ್ಲಿ ಕರ್ಮಪದ, ಅನಂತರವೇ ವಿಶೇಷಣ. "ಐ ಲೈಕ್ ವೆರಿ ಮಚ್ ಜೋಳದ ರೊಟ್ಟಿ" ಎಂಬುದೂ ಇದೇ ಬಗೆಯ ತಪ್ಪು. "ಐ ಲೈಕ್ ಜೋಳದ ರೊಟ್ಟಿ ವೆರಿ ಮಚ್" ಎಂದಾಗಬೇಕು.

ಹೀಗೇಕೆ? ಕನ್ನಡದಲ್ಲಿ ಕರ್ಮಪದವನ್ನು ಗುರುತಿಸಲು ದ್ವಿತೀಯಾ ವಿಭಕ್ತಿಯ 'ಅನ್ನು' ಪ್ರತ್ಯಯವಿದೆ. "ಗುರುಗಳು ಶಿಷ್ಯನನ್ನು ಕರೆದರು" ಎಂದರೂ "ಶಿಷ್ಯನನ್ನು ಗುರುಗಳು ಕರೆದರು" ಎಂದರೂ ಕರೆದವರು ಯಾರೆಂಬುದರಲ್ಲಿ ಸಂದೇಹವಿಲ್ಲ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿಯೂ ಇಂಥ ವಿಭಕ್ತಿಗಳಿದ್ದವು. ಕಾಲಕ್ರಮದಲ್ಲಿ ಅವು ನಾಮಪದಗಳಿಂದ ಬಹುತೇಕ ಸವೆದುಹೋದವು. ಪ್ರತ್ಯಯ ಮಾಡುತ್ತಿದ್ದ ಕೆಲಸವನ್ನು ಈಗ ಸ್ಥಾನವು ಮಾಡುತ್ತದೆ. ಕ್ರಿಯಾಪದದ ಒತ್ತಿಗೇ ಇರುವುದರಿಂದ ಕರ್ಮವು ಕರ್ಮವೆನಿಸುತ್ತದೆ. ಆ ಆಸನದಲ್ಲಿ ಬೇರೆ ಪದವನ್ನು ಕೂರಿಸುವುದನ್ನು ಇಂಗ್ಲಿಷ್ ಸಹಿಸುವುದಿಲ್ಲ.

ಕನ್ನಡಿಯ ಕ್ರಮ

ಈಗ ಪೂರ್ಣ ವಾಕ್ಯವನ್ನು ಗಮನಿಸಿ: "ಅವಳು ನಿನ್ನೆ ಮಠದಲ್ಲಿ ಇಂಪಾಗಿ ವಚನ ಹಾಡಿದಳು." ಕರ್ತೃವಿನ ಅನಂತರ ಕಾಲ, ಸ್ಥಳ, ರೀತಿ, ಕರ್ಮ, ಕ್ರಿಯೆ ಎಂಬುದು ಇದರ ಸಾಲು. ಇಂಗ್ಲಿಷಿನಲ್ಲಿ "ಶಿ ಸ್ಯಾಂಗ್ ದ ವಚನ ಸ್ವೀಟ್ಲಿ ಇನ್ ದ ಮಠ ಯೆಸ್ಟರ್‌ಡೇ". ಕರ್ತೃವಿನ ಅನಂತರ ಕ್ರಿಯೆ, ಕರ್ಮ, ರೀತಿ, ಸ್ಥಳ, ಕಾಲ. ಒಂದು ಇನ್ನೊಂದರ ಕನ್ನಡಿಯ ಬಿಂಬ! ಕರ್ತೃವನ್ನು ಮೊದಲು ಹೇಳಿ, ಉಳಿದುದನ್ನು ಕೊನೆಯಿಂದ ಹಿಂದಕ್ಕೆ ಓದುತ್ತ ಬಂದರೆ ಇಂಗ್ಲಿಷಿನ ಸಾಲು ತಾನಾಗಿ ದೊರೆಯುತ್ತದೆ. ಕನ್ನಡ ಬಲ್ಲ ಮಗುವಿಗೆ ಇಂಗ್ಲಿಷಿನ ಅರ್ಧ ದಾರಿ ಕನ್ನಡದಲ್ಲಿಯೇ ಇದೆ.

ಇಂಗ್ಲಿಷ್ ಅರಿಯದ ತಾಯಿ ತಂದೆಯರೂ ಮಗುವಿಗೆ ಇದನ್ನು ಅಭ್ಯಾಸ ಮಾಡಿಸಬಹುದು. ಮಗುವು ಕರ್ತೃವನ್ನೂ ಕ್ರಿಯೆಯನ್ನೂ ಹೇಳಿದೊಡನೆ ಕ್ರಮವಾಗಿ ನಾಲ್ಕು ಪ್ರಶ್ನೆಗಳನ್ನು ಕೇಳಿರಿ: ಏನನ್ನು? ಹೇಗೆ? ಎಲ್ಲಿ? ಯಾವಾಗ? ಮಗು ಉತ್ತರಿಸುತ್ತ ಹೋದಂತೆ ವಾಕ್ಯವು ಸರಿಯಾದ ಸಾಲಿನಲ್ಲಿ ನಿಲ್ಲುತ್ತದೆ.

ನಿಯಮಕ್ಕಿರುವ ಹೊರತುಗಳು

ಎಲ್ಲ ಕ್ರಿಯಾವಿಶೇಷಣಗಳೂ ಹಿಂದೆಯೇ ಬರಬೇಕೆಂದಿಲ್ಲ. ಆಲ್ವೇಸ್, ಆಫನ್, ನೆವರ್ ಎಂಬಂಥವು ನಮ್ಮ ಕನ್ನಡದಂತೆಯೇ ಕ್ರಿಯಾಪದಕ್ಕೆ ಮುಂಚೆ ಬರುತ್ತವೆ: "ವಿ ಆಲ್ವೇಸ್ ರಿಸ್ಪೆಕ್ಟ್ ಅವರ್ ಎಲ್ಡರ್ಸ್". ಕ್ರಿಯಾಪದವು ಈಸ್ ಅಥವಾ ಆರ್ ಆಗಿದ್ದರೆ ಮಾತ್ರ ಅನಂತರ: "ಹಿ ಈಸ್ ಆಲ್ವೇಸ್ ಅರ್ಲಿ". ಕಾಲವಾಚಕವನ್ನು ವಾಕ್ಯದ ಆರಂಭದಲ್ಲಿಯೂ ಇಡಬಹುದು. ಹೋಗು, ಬಾ ಎಂಬ ಅರ್ಥದ ಕ್ರಿಯೆಗಳಲ್ಲಿ ಸ್ಥಳವು ರೀತಿಗಿಂತ ಮೊದಲು ಬರುವುದುಂಟು: "ಹಿ ಕೇಮ್ ಹೋಮ್ ಕ್ವಾಯಟ್ಲಿ". ಕೇರ್‌ಫುಲಿಯಂಥ ಪದವು "ಹಿ ಕೇರ್‌ಫುಲಿ ಓಪನ್ಡ್ ದ ಡೋರ್" ಎಂದು ಕ್ರಿಯೆಯ ಮುಂಚೆಯೂ ನಿಲ್ಲಬಲ್ಲುದು. ಆದರೆ ವೆಲ್, ಫಾಸ್ಟ್, ಹಾರ್ಡ್ ಎಂಬವು ಹಾಗೆ ನಿಲ್ಲಲಾರವು. ಕರ್ಮಭಾಗವು ಬಹಳ ಉದ್ದವಾಗಿದ್ದರೆ ಮಾತ್ರ ವಿಶೇಷಣವು ಅದಕ್ಕಿಂತ ಮುಂದೆ ಬರಲು ಇಂಗ್ಲಿಷ್ ಅವಕಾಶ ಕೊಡುತ್ತದೆ.

ಹಾರ್ಡ್ ಎಂಬ ಪದದಲ್ಲಿ ವಿಶೇಷ ಎಚ್ಚರ ಬೇಕು. "ನಾನು ಕಷ್ಟಪಟ್ಟು ಓದಿದೆ" ಎಂಬುದನ್ನು ವಿದ್ಯಾರ್ಥಿಯೊಬ್ಬ ಕನ್ನಡದ ಸಾಲಿನಲ್ಲಿಯೇ ಇರಿಸಿ, ಲಿ ಪ್ರತ್ಯಯವನ್ನೂ ಸೇರಿಸಿ "ಐ ಹಾರ್ಡ್ಲಿ ಸ್ಟಡೀಡ್" ಎಂದು ಬರೆದನೆನ್ನಿ. ಅದರ ಅರ್ಥ "ನಾನು ಓದಿದ್ದೇ ಇಲ್ಲವೆನ್ನಬಹುದು" ಎಂದಾಗುತ್ತದೆ! "ಐ ಸ್ಟಡೀಡ್ ಹಾರ್ಡ್" ಎಂದರೆ ಮಾತ್ರ ಪಟ್ಟ ಶ್ರಮವು ಓದುವವರಿಗೆ ಕಾಣಿಸುತ್ತದೆ. ವರ್ಷಗಳ ದುಡಿಮೆಯನ್ನು ಒಂದು ತಪ್ಪು ಪದ ಅಳಿಸಿಬಿಡಬಲ್ಲುದು.

ಅಂಜಿಕೆ ಬೇಡ

ನಮ್ಮ ನೆರೆಯ ಸೇಡಂ ತಾಲ್ಲೂಕಿನ ಮಳಖೇಡವೇ ಅಂದಿನ ಮಾನ್ಯಖೇಟ. ಅಲ್ಲಿಯ ರಾಷ್ಟ್ರಕೂಟರ ಆಸ್ಥಾನದಲ್ಲಿ 9ನೆಯ ಶತಮಾನದಲ್ಲಿಯೇ 'ಕವಿರಾಜಮಾರ್ಗ' ರಚಿತವಾಗಿ, ಕನ್ನಡದ ಬರವಣಿಗೆಯಲ್ಲಿ ಯಾವುದು ಗುಣ, ಯಾವುದು ದೋಷವೆಂದು ವಿವೇಚಿಸಿತು. 13ನೆಯ ಶತಮಾನದಲ್ಲಿ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಅವ್ಯಯಗಳಿಗಾಗಿಯೇ ಒಂದು ಪ್ರಕರಣವನ್ನು ಮೀಸಲಿಟ್ಟನು. ಪದಗಳನ್ನು ತೂಗಿ ನೋಡುವ ವಿದ್ಯೆ ಈ ನೆಲಕ್ಕೆ ಹೊಸದಲ್ಲ. ತನ್ನ ನುಡಿಯ ಕ್ರಮವನ್ನು ಚೆನ್ನಾಗಿ ಬಲ್ಲವನಿಗೆ ಇನ್ನೊಂದು ನುಡಿಯ ಕ್ರಮ ಬೇಗ ತಿಳಿಯುತ್ತದೆ.

ಆದುದರಿಂದ ಪಾಲಕರೂ ಶಿಕ್ಷಕರೂ ಮಗುವಿನ ತಪ್ಪನ್ನು ಕಂಡು ನಗದಿರಲಿ. ನಕ್ಕರೆ ಮಗು ಮಾತನ್ನೇ ಬಿಡುತ್ತದೆ. ಕಾರಣವನ್ನು ತಿಳಿಸಿದರೆ ತಪ್ಪನ್ನು ಬಿಡುತ್ತದೆ. ಕಲಿತವರು ದಿನಕ್ಕೆ ಅರ್ಧ ಗಂಟೆಯನ್ನು ನೆರೆಮನೆಯ ಮಕ್ಕಳಿಗಾಗಿ ಮೀಸಲಿಟ್ಟರೆ ಅದೇ ವಿದ್ಯಾದಾಸೋಹ. ಇಂದು ಸಂಜೆ ನಿಮ್ಮ ಮಗುವನ್ನು ಬಳಿಯಲ್ಲಿ ಕೂರಿಸಿಕೊಂಡು ಆ ನಾಲ್ಕು ಪ್ರಶ್ನೆಗಳನ್ನು ಕೇಳಿ ನೋಡಿರಿ: ಏನನ್ನು, ಹೇಗೆ, ಎಲ್ಲಿ, ಯಾವಾಗ?