ಪಠ್ಯಕ್ರಮವೂ ಪದವೀಧರರ ಉದ್ಯೋಗವೂ

ಮಳೆ ಹಿಡಿಯುವ ಮುನ್ನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಅಡಿಕೆ ತೋಟಗಳಲ್ಲಿ ಮೈಲುತುತ್ತವನ್ನೂ ಸುಣ್ಣವನ್ನೂ ಬೇರೆ ಬೇರೆಯಾಗಿ ನೀರಿನಲ್ಲಿ ಕರಗಿಸಿ, ಅನಂತರ ಕೂಡಿಸಿ, ಗೊನೆಗಳಿಗೆ ಸಿಂಪಡಿಸುತ್ತಾರೆ. ಇದೇ ಬೋರ್ಡೋ ದ್ರಾವಣ. ಕೆನಡ ದೇಶದಿಂದ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ನರು ಅಡಿಕೆಯ ಕೊಳೆರೋಗವನ್ನು ಕುರಿತು 1910ರಲ್ಲಿ ಬರೆದ ಬಳಿಕ ಇದು ಮಲೆನಾಡಿನಲ್ಲಿ ರೂಢಿಗೆ ಬಂದಿತು. ದ್ರಾವಣ ಹದವಾಗಿದೆಯೇ ಎಂದು ನೋಡಲು ಬೆಳೆಗಾರರು ಹೊಳೆಯುವ ಕತ್ತಿಯ ಅಲಗನ್ನು ಅದರಲ್ಲಿ ಅದ್ದುತ್ತಾರೆ. ಅಲಗಿಗೆ ತಾಮ್ರದ ಕೆಂಪು ಲೇಪ ಹತ್ತಿದರೆ ಸುಣ್ಣ ಸಾಲದೆಂದು ಅರ್ಥ.

ಕಬ್ಬಿಣವು ತಾಮ್ರದ ಲವಣದಿಂದ ತಾಮ್ರವನ್ನು ಹೊರದೂಡುವ ಈ ಕ್ರಿಯೆಯನ್ನು ನಾವೆಲ್ಲ ಪ್ರೌಢಶಾಲೆಯಲ್ಲಿಯೇ ಓದಿರುತ್ತೇವೆ. ಪದವೀಧರರು ಅದರ ಸಮೀಕರಣವನ್ನು ತಪ್ಪಿಲ್ಲದೆ ಬರೆದಾರು. ಆದರೆ ಪೀಪಾಯಿಯ ಮುಂದೆ ನಿಂತು, ಇನ್ನೆಷ್ಟು ಸುಣ್ಣ ಬೇಕೆಂದು ಹೇಳಬಲ್ಲರೇ? ಅದು ಬಹುಮಟ್ಟಿಗೆ ಅವರ ಪಠ್ಯಕ್ರಮ ಏನನ್ನು ಕೇಳಿತ್ತೆಂಬುದನ್ನು ಅವಲಂಬಿಸಿದೆ.

ಜಾಣ್ಮೆಯ ಮಾತು ಹಾಗಿರಲಿ. ಅದಕ್ಕಿಂತ ಮೊದಲು ಅರ್ಹತೆಯ ಬಾಗಿಲೊಂದಿದೆ. ಪ್ರೌಢಶಾಲೆಯ ವಿಜ್ಞಾನದ ಅಧ್ಯಾಪಕರಾಗಬೇಕಾದರೆ ಭೌತ, ರಸಾಯನ, ಗಣಿತಗಳನ್ನು ಓದಿದವರಿಗೆ ಒಂದು ದಾರಿ; ರಸಾಯನ, ಸಸ್ಯ, ಪ್ರಾಣಿಶಾಸ್ತ್ರಗಳನ್ನು ಓದಿದವರಿಗೆ ಇನ್ನೊಂದು. ಹದಿನೆಂಟರ ಹರೆಯದಲ್ಲಿ ಪ್ರವೇಶಪತ್ರದ ಮೇಲೆ ಹಾಕಿದ ಗುರುತು ಮುಂದೆ ಯಾವ ಹುದ್ದೆಗೆ ಅರ್ಜಿ ಹಾಕಬಹುದೆಂಬುದನ್ನು ನಿರ್ಣಯಿಸಿಬಿಡುತ್ತದೆ. ಚಿಕ್ಕ ಊರಿನ ಕಾಲೇಜಿನಲ್ಲಿ ಇಂತಹ ವಿಷಯಗುಂಪುಗಳು ಕೆಲವೇ ಇರುವುದರಿಂದ ಆಯ್ಕೆ ಮತ್ತಷ್ಟು ಇಕ್ಕಟ್ಟು. ಇದಕ್ಕೆ ಪ್ರತಿಯಾಗಿ ಶೃಂಗೇರಿಯ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ಆವರಣವನ್ನು ನೋಡಿರಿ. ಅಲ್ಲಿನ ಶಾಸ್ತ್ರಿ ಪದವಿಯನ್ನು ಬಿ.ಎ.ಗೂ ಶಿಕ್ಷಾಶಾಸ್ತ್ರಿಯನ್ನು ಬಿ.ಎಡ್.ಗೂ ಸಮಾನವೆಂದು ಮಾನ್ಯ ಮಾಡಿರುವುದರಿಂದ, ವ್ಯಾಕರಣ ನ್ಯಾಯಗಳನ್ನು ಓದಿದವರಿಗೂ ಶಾಲೆಯ ಬಾಗಿಲು ತೆರೆದಿದೆ. ಪಾಠ ಪ್ರಾಚೀನವೇ, ತೆರೆದದ್ದು ಮಾನ್ಯತೆ.

ಪಠ್ಯಕ್ರಮವು ಪದೇಪದೇ ಬದಲಾದರೂ ತೊಡಕೇ. ಈ ಮೂರು ತಾಲ್ಲೂಕುಗಳು 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಕರ್ನಾಟಕದಲ್ಲಿ 2021-22ರಲ್ಲಿ ನಾಲ್ಕು ವರ್ಷಗಳ ಪದವಿಯ ಪದ್ಧತಿ ಬಂದಿತು. 2024-25ರಲ್ಲಿ ಮೂರು ವರ್ಷಗಳ ಪದವಿಯೇ ಮರಳಿತು. ಅಣ್ಣನೂ ತಂಗಿಯೂ ಒಂದೇ ಕಾಲೇಜಿನಲ್ಲಿ ಓದಿ, ಒಂದೇ ಕೆಲಸಕ್ಕೆ ಎರಡು ಬಗೆಯ ಅಂಕಪಟ್ಟಿಗಳನ್ನು ಹಿಡಿದು ಹೋಗಬೇಕಾದೀತು. ಇವುಗಳನ್ನು ಓದಿ ತೂಗುವ ಹೊರೆ ಉದ್ಯೋಗ ಕೊಡುವವರ ಮೇಲೆ ಬೀಳುತ್ತದೆ. ಎಲ್ಲರಿಗೂ ಅಷ್ಟು ತಾಳ್ಮೆ ಇರುವುದಿಲ್ಲ.

ಪಠ್ಯಕ್ರಮವು ಇಲ್ಲದ ಉದ್ಯೋಗವನ್ನು ಸೃಷ್ಟಿಸಲಾರದೆಂಬುದೂ ನಿಜ. ಇರುವ ಕೆಲಸಕ್ಕೆ ಕೈ ಪಳಗಿಸುವುದು ಮಾತ್ರ ಅದಕ್ಕೆ ಸಾಧ್ಯ. ಅದಕ್ಕೆ ದುಬಾರಿ ಯಂತ್ರಗಳೇ ಬೇಕೆಂದಿಲ್ಲ. ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ 100 ಲೀಟರು ನೀರಿಗೆ ಒಂದು ಕಿಲೋಗ್ರಾಂ ಮೈಲುತುತ್ತ, ಸುಮಾರು ಅಷ್ಟೇ ಸುಣ್ಣ. ಆದರೆ ಗಾಳಿಗೆ ತೆರೆದಿಟ್ಟ ಸುಣ್ಣವು ಇಂಗಾಲದ ಡೈಆಕ್ಸೈಡನ್ನು ಹೀರಿ ಸತ್ತ್ವಗುಂದಿರುತ್ತದೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಅಂಗಡಿಯಿಂದ ತಂದ ಸುಣ್ಣವನ್ನೇ ಇಟ್ಟು, ಅದರಲ್ಲಿ ಉಳಿದಿರುವ ಸತ್ತ್ವವೆಷ್ಟೆಂದು ಆಮ್ಲದಿಂದ ಅಳೆಯಿರೆಂದು ಕೇಳಿದರೆ, ಬ್ಯೂರೆಟ್ಟು ಅದೇ, ಸಮೀಕರಣ ಅದೇ. ಅದನ್ನು ಮಾಡಿ ಕಲಿತವರಿಗೆ ಮಣ್ಣು ಪರೀಕ್ಷೆಯ ಕೇಂದ್ರದಲ್ಲಿ ಮೊದಲ ದಿನವೇ ಮಾಡಲು ಕೆಲಸವಿರುತ್ತದೆ.