ಮಣೆಯ ಮೇಲೆ ತೇಲುವ ಬೆರಳು

ಶ್ರಾವಣದ ಮಧ್ಯಾಹ್ನ. ತಿಪಟೂರಿನಿಂದ ತುರುವೇಕೆರೆ ಕಡೆಗಿನ ದಾರಿಯಲ್ಲೊಂದು ತೋಟದ ಮನೆ. ಬಾವಿಯ ಮೇಲೆ ಬಾಗಿದ ತೆಂಗಿನ ಗರಿಯ ತುದಿಯಲ್ಲಿ ಗೀಜಗನ ಅರ್ಧ ಗೂಡು. ಗಂಡು ಹಕ್ಕಿ ಹಸಿ ನಾರು ತಂದು ಸಿಕ್ಕಿಸುತ್ತಿದೆ. ಅದನ್ನು ನೋಡಲೆಂದು ಜಗಲಿಯಲ್ಲಿ ಕೂತಿದ್ದೆ. ಕಣ್ಣು ಪಕ್ಕಕ್ಕೆ ಹೊರಳಿತು.

ಎಪ್ಪತ್ತು ದಾಟಿದ ಅಜ್ಜಿ ಮತ್ತು ಅವರ ವಾರಗಿತ್ತಿ ಅಳಗುಳಿಮಣೆಗೆ ಕೂತಿದ್ದಾರೆ. 7 ಗುಳಿಗಳ 2 ಸಾಲು, ಗುಳಿಗೆ 5ರಂತೆ 70 ಹುಣಸೆಬೀಜ. ಒಂದು ಗುಳಿ ಬರಿದು ಮಾಡಿ ಮುಂದಿನವಕ್ಕೆ ಒಂದೊಂದೇ ಬಿಡುತ್ತ ಹೋಗಬೇಕು. ಕೈ ಖಾಲಿಯಾದರೆ ಮುಂದಿನ ಗುಳಿಯದನ್ನೆತ್ತಿ ಮತ್ತೆ ಹಂಚಬೇಕು. ಆ ಗುಳಿಯೇ ಬರಿದಾಗಿದ್ದರೆ ಅದರಾಚೆಯ ಗುಳಿಯದೆಲ್ಲ ಆಡಿದವರ ಪಾಲು.

ಅಜ್ಜಿ ತಟ್ಟನೆ ಬೀಜ ಎತ್ತುವುದಿಲ್ಲ. ತೋರುಬೆರಳು ಮಣೆಗೆ ತಾಗದಂತೆ ಗುಳಿಯಿಂದ ಗುಳಿಗೆ ತೇಲುತ್ತದೆ. ತುಟಿ ಸಣ್ಣಗೆ ಅಲುಗುತ್ತದೆ. ಒಂದು ಸುತ್ತಾದ ಮೇಲೆ ಬೆರಳು ಹಿಂದಕ್ಕೆ ಬಂದು ಬೇರೊಂದು ಗುಳಿಯಿಂದ ಹೊರಡುತ್ತದೆ. ಕೈ ಬೀಜಕ್ಕಿಳಿಯುವ ಹೊತ್ತಿಗೆ ಆಟ ತಲೆಯಲ್ಲಿ ಮುಗಿದಿರುತ್ತದೆ. ನಡುವೆ ಮೊಮ್ಮಗ ಕೊಬ್ಬರಿಗೆಂದು ಅಟ್ಟದಲ್ಲಿಟ್ಟ ಕಾಯೊಂದನ್ನು ಇಳಿಸಿ ತಂದ. ಉಂಡೆ ಕೊಬ್ಬರಿ ಒಣಗಿದರೆ ಚಿಪ್ಪು ಬಿಟ್ಟು ಗಡಗಡ ಎನ್ನುತ್ತದೆ. ಅಜ್ಜಿ ಮಣೆಯಿಂದ ಕಣ್ಣು ತೆಗೆಯದೆ ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ, "ಇನ್ನೂ ನೀರೈತೆ, ಮೇಲಿಕ್ಕು ಹೋಗು" ಎಂದರು. ಲೆಕ್ಕ ತಪ್ಪಲಿಲ್ಲ.

ಆಟ ಮುಗಿದ ಮೇಲೆ ಹುಡುಗ ಮೊಬೈಲಿನಲ್ಲಿ ಹಣ್ಣು ಜೋಡಿಸುವ ಆಟ ಹಾಕಿಕೊಟ್ಟ. ಒಂದೇ ಬಗೆಯ ಮೂರು ಹಣ್ಣು ಸಾಲಿಗೆ ಬರಬೇಕು. ಮೇಲೆ ಸಮಯದ ಪಟ್ಟಿ ಕರಗುತ್ತಿದೆ. ಇಲ್ಲೂ ಅಜ್ಜಿಯ ಬೆರಳು ಗಾಜಿನ ಮೇಲೆ ತೇಲಿತು. ಕೆಳಗಿಳಿಯುವಷ್ಟರಲ್ಲಿ ಆಟ ಮುಗಿದಿತ್ತು. "ತಡಿಯೋ ಮಗ, ಇದ್ಯಾಕೆ ಹಿಂಗೆ ಅರ್ಜೆಂಟ್ ಮಾಡುತ್ತೆ?" ಹುಡುಗ ಸಮಯದ ಮಿತಿಯಿಲ್ಲದ ಬಗೆಗೆ ಬದಲಿಸಿದ. ಈಗ ಒಂದೇ ನಡೆಗೆ ಎರಡು ಸಾಲು ಉದುರುವ ಜಾಗವನ್ನು ಅಜ್ಜಿ ಹುಡುಕಿ ಹಿಡಿದರು, ಹುಡುಗನ ಕಣ್ಣಿಗೆ ಬೀಳದ್ದನ್ನು.

ವಯಸ್ಸಾದಂತೆ ಮಿದುಳಿನ ವೇಗ ಕುಂದುತ್ತದೆ. ಕೂಡಿಟ್ಟ ತಿಳಿವಳಿಕೆ ಅಷ್ಟು ಬೇಗ ಸವೆಯುವುದಿಲ್ಲ. ಗಡಿಯಾರ ಕಟ್ಟಿದ ಆಟ ಮೊದಲನೆಯದನ್ನೇ ಅಳೆಯುತ್ತದೆ. ಹಾಗೆಂದು ವೇಗದ ಆಟ ದಂಡವೆನ್ನಲಾಗದು. 2013ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಕ್ಯಾಲಿಫೋರ್ನಿಯಾದ ಅಧ್ಯಯನದಲ್ಲಿ 60ರಿಂದ 85 ವರ್ಷದವರು ಕಾರು ಓಡಿಸುತ್ತಲೇ ಫಲಕ ಗುರುತಿಸುವ 'ನ್ಯೂರೋರೇಸರ್' ವಿಡಿಯೊ ಗೇಮ್ ಆಡಿದರು. ತಿಂಗಳಲ್ಲಿ 12 ಗಂಟೆಯ ಅಭ್ಯಾಸವಾದ ಮೇಲೆ ಆ ಆಟದಲ್ಲಿ, ಅಭ್ಯಾಸವಿಲ್ಲದ ಇಪ್ಪತ್ತರ ಹರೆಯದವರನ್ನೂ ಮೀರಿಸಿದರು. ಗಮನವೂ ತುಸು ಸುಧಾರಿಸಿತು. ಆದರೆ ಆ ಆಟ ಆಡುವವರ ಕೈ ಪಳಗಿದಷ್ಟೇ ಕಠಿಣವಾಗುತ್ತಿತ್ತು, ಓಡಿಸಿ ಸೋಲಿಸುತ್ತಿರಲಿಲ್ಲ. ಅಳಗುಳಿಮಣೆಯಲ್ಲಿ ಹಾಗೆ ಹದ ನೋಡಿ ಆಟ ಬಿಗಿಗೊಳಿಸುವ ಕೆಲಸ ಎದುರು ಕೂತ ವಾರಗಿತ್ತಿಯದು.

ಆಟವೊಂದೇ ಮರೆವಿಗೆ ಮದ್ದಲ್ಲ. 65 ಮತ್ತು ಅದಕ್ಕೂ ಹೆಚ್ಚು ವಯಸ್ಸಿನ 2,832 ಮಂದಿಯಲ್ಲಿ ಮಿದುಳಿನ ಅಭ್ಯಾಸಗಳನ್ನು ಪರೀಕ್ಷಿಸಿದ ಅಮೆರಿಕದ 'ಆಕ್ಟಿವ್' ಅಧ್ಯಯನ 2002ರಲ್ಲಿ ಕಂಡಿದ್ದಿಷ್ಟು: ಯಾವುದನ್ನು ಅಭ್ಯಾಸ ಮಾಡಿದರೋ ಅದು ಸುಧಾರಿಸಿತು, ನೆನಪಿನ ಅಭ್ಯಾಸ ತರ್ಕವನ್ನು ಚುರುಕು ಮಾಡಲಿಲ್ಲ. ಆದ್ದರಿಂದ ಹಿರಿಯರಿಗೆ ಮೊಬೈಲಿನಲ್ಲಿ ಆಟ ಹಾಕಿಕೊಡುವವರು ಎರಡು ಸಂಗತಿ ನೋಡಿಕೊಂಡರೆ ಸಾಕು: ಲೆಕ್ಕ ಹಾಕುವ ಕೆಲಸ ಯಂತ್ರದ್ದೋ ಆಡುವವರದೋ, ಬೆರಳು ತೇಲುವಷ್ಟು ಹೊತ್ತು ಆಟ ಕಾಯುತ್ತದೋ ಇಲ್ಲವೋ.